ಗಡಿಯಾರ ಇದ್ದ ಗೋಡೆ

ಪ್ರೊಜೆಕ್ಟರ್ ತರೋಣ ಅಂದಾಗ ನನ್ನ ಹೆಂಡತಿ ಬೆಲೆ ಕೇಳಲಿಲ್ಲ. "ಗೋಡೆ ಎಲ್ಲಿದೆ?" ಅಂದಳು.

ಸುತ್ತ ನೋಡಿದೆ. ಒಂದು ಕಡೆ ಶೋಕೇಸು, ಒಂದು ಕಡೆ ಕಿಟಕಿ, ಇನ್ನೊಂದು ಕಡೆ ದೇವರ ಫೋಟೋಗಳ ಸಾಲು. ಉಳಿದ ಗೋಡೆಗೆ ಗಡಿಯಾರ. ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರ ಅಂದರೆ 7 ಅಡಿಗೂ ಜಾಸ್ತಿ ಅಗಲ, 4 ಅಡಿ ಎತ್ತರ. ಬಾಡಿಗೆ ಮನೆಯಲ್ಲಿ ಅಷ್ಟು ಖಾಲಿ ಗೋಡೆ ಯಾರಿಗಿರುತ್ತೆ?

ಆದರೂ ಆಸೆ. ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಾಟ. ಅಗ್ಗದ ಡಬ್ಬಗಳು ಲ್ಯೂಮೆನ್ ಅನ್ನೋ ಬೆಳಕಿನ ಲೆಕ್ಕದಲ್ಲಿ ಸೂರ್ಯನಿಗೇ ಸಡ್ಡು ಹೊಡೆಯುತ್ತವೆ. 9000, 12000! ಪಕ್ಕದಲ್ಲಿ 'ಆನ್ಸಿ' ಅಂತ ಇದೆಯಾ ನೋಡಬೇಕು. ಅದು ಪರದೆಯ 9 ಕಡೆ ಬಿದ್ದ ಬೆಳಕನ್ನು ಅಳೆದು, ಅದರ ಸರಾಸರಿ ಹಿಡಿದು ಮಾಡಿದ ಲೆಕ್ಕ. ಆ ಲೆಕ್ಕಕ್ಕೆ ಇಳಿದರೆ ಎಷ್ಟೋ ಸೂರ್ಯರು ಇನ್ನೂರು ಮುನ್ನೂರಕ್ಕೇ ಮುಳುಗಿಬಿಡುತ್ತಾರೆ. '4ಕೆ ಸಪೋರ್ಟ್' ಅನ್ನೋದೂ ಹಾಗೇ. 4ಕೆಯ ತುಂಬ ಸ್ಪಷ್ಟ ಚಿತ್ರ ಕೊಟ್ಟರೆ ಒಳಗೆ ತಗೊಳ್ಳುತ್ತೆ, ಗೋಡೆಗೆ ಬಿಡೋದು ಮಾತ್ರ ತನ್ನ ಕೈಲಾದಷ್ಟೇ. ಹೆಣ್ಣು ನೋಡೋಕೆ ಬಂದವರು 'ಹುಡುಗನಿಗೆ ಒಳ್ಳೆ ಸಂಬಳ' ಅಂದ ಹಾಗೆ. ಕೈಗೆ ಎಷ್ಟು ಬರುತ್ತೆ ಅಂತ ಬಾಯಿಬಿಟ್ಟು ಕೇಳಬೇಕು. ಇಲ್ಲಿ ಕೇಳಬೇಕಾದ್ದು 'ನೇಟಿವ್ ಎಷ್ಟು?', ಅಂದರೆ ಗೋಡೆಗೆ ನಿಜಕ್ಕೂ ಬಿಡೋ ಸ್ಪಷ್ಟತೆ ಎಷ್ಟು ಅಂತ. 1080ಪಿ, ಅಂದರೆ ಫುಲ್ ಎಚ್‌ಡಿ, ಅಂದರೆ ಮಾತು ಮುಂದುವರಿಸಬಹುದು.

ಕೊನೆಗೆ ಗೆಳೆಯನ ಪ್ರೊಜೆಕ್ಟರನ್ನೇ ಒಂದು ದಿನಕ್ಕೆ ತಂದೆ. ಅದಕ್ಕೆ 100 ಇಂಚು ಬೇಕಾದರೆ ಹತ್ತಿರ ಹತ್ತಿರ 9 ಅಡಿ ದೂರ ಬೇಕು. ಸೋಫಾ ಸರಿಸಿ, ಸ್ಟೂಲಿನ ಮೇಲೆ ಕುಕ್ಕರ್ ಬಂದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಎರಡು ಪುಸ್ತಕ ಇಟ್ಟು ಕೂರಿಸಿದೆ. ಸಿನಿಮಾ ಹಾಕಿದರೆ ವಿಲನ್ನಿನ ಕರಿ ಕೋಟು ಪಿಸ್ತಾ ಹಸಿರು! ಪ್ರೊಜೆಕ್ಟರಿಗೆ ಕಪ್ಪು ಬಿಡೋಕೆ ಬರಲ್ಲ ಅಲ್ವಾ? ಬೆಳಕು ಬೀಳದ ಗೋಡೆಯೇ ಅದರ ಕಪ್ಪು. ನಮ್ಮ ಗೋಡೆಯೋ ಪಿಸ್ತಾ ಬಣ್ಣದ್ದು, ಮೇಲೆ ಟ್ಯೂಬ್‌ಲೈಟ್ ಬೇರೆ ಉರಿಯುತ್ತಿತ್ತು.

"ನಮ್ಮೂರ ಟೆಂಟಲ್ಲಿ ಕತ್ತಲಾಗೋವರೆಗೂ ಆಟ ಶುರು ಮಾಡ್ತಿರ್ಲಿಲ್ಲ ಕಣೋ" ಅಂದರು ಅಮ್ಮ. ನೆಲದ ಟಿಕೆಟ್ ತಗೊಂಡು ಮರಳಿನ ಮೇಲೆ ಕೂತು ನೋಡಿದವರು. ನಾನು ಹತ್ತು ದಿನ ಓದಿದ್ದನ್ನು ಒಂದೇ ಮಾತಲ್ಲಿ ಮುಗಿಸಿದರು. ಎದ್ದು ಟ್ಯೂಬ್‌ಲೈಟ್ ಆರಿಸಿದರು. ಬೀದಿ ದೀಪದ ಬೆಳಕು ಬರುತ್ತಿದ್ದ ಕಿಟಕಿಗೆ ನಾನು ದಪ್ಪ ಬೆಡ್‌ಶೀಟ್ ಕಟ್ಟಿದೆ. ಕೋಟು ಕಪ್ಪಾಯಿತು. ಕತ್ತಲಿದ್ದರೆ ನಮ್ಮಂಥ ಮನೆಗೆ 500 ಆನ್ಸಿ ಧಾರಾಳ ಸಾಕು. ಪ್ರೊಜೆಕ್ಟರಿನ ಫ್ಯಾನ್ ಸದ್ದಂತೂ ಪಕ್ಕದ ಮನೆಯ ಮಿಕ್ಸಿ ಥರ. ಅದನ್ನು ಆಮೇಲೆ ನೋಡಿಕೊಳ್ಳೋಣ.

ಗಡಿಯಾರ ತೆಗೆಯೋದು ಮಾತ್ರ ಮರೆತಿದ್ದೆವು. ಹೀರೋನ ಹಣೆಯ ಮೇಲೆ ಗಂಟೆ ಒಂಬತ್ತೂವರೆ. ತೆಗೀತೀನಿ ಅಂತ ಎದ್ದೆ.

"ಇರ್ಲಿ ಬಿಡಿ" ಅಂದಳು ಹೆಂಡತಿ. "ನಾಳೆ ಸ್ಕೂಲಿದೆ. ಟೈಮ್ ಕಾಣ್ತಿರ್ಲಿ."