ರಿಪೋರ್ಟ್ ಯಾರ ಕೈಗೆ?

ಮದುವೆಗೆ ಮೊದಲು ಎಚ್‌ಐವಿ ಪರೀಕ್ಷೆ ಕಡ್ಡಾಯ ಆಗಬೇಕು ಅನ್ನೋ ಮಾತು ಮತ್ತೆ ಕೇಳಿಬರುತ್ತಿದೆ. 2025ರ ಜುಲೈನಲ್ಲಿ ಮೇಘಾಲಯದ ಆರೋಗ್ಯ ಸಚಿವೆ, ತಮ್ಮ ರಾಜ್ಯದಲ್ಲಿ ಇಂಥ ಕಾನೂನು ತರುವ ಯೋಚನೆ ಇದೆ ಎಂದಿದ್ದರು. ಆ ಸುದ್ದಿ ಹಂಚಿಕೊಂಡ ನನ್ನ ಗೆಳತಿಯರಲ್ಲಿ ಹೆಚ್ಚಿನವರು "ನಮ್ಮಲ್ಲೂ ಬರಲಿ" ಅಂತಲೇ ಬರೆದಿದ್ದರು. ಹೆಣ್ಣುಮಕ್ಕಳ ತಾಯಂದಿರೇ ಜಾಸ್ತಿ. ಅವರ ಭಯ ಸುಳ್ಳಲ್ಲ.

ನಾನು ಕೆಲವು ವರ್ಷ ತಾಲ್ಲೂಕು ಆಸ್ಪತ್ರೆಯೊಂದರ ಐಸಿಟಿಸಿಯಲ್ಲಿ ಕೌನ್ಸೆಲರ್ ಆಗಿದ್ದೆ. ಐಸಿಟಿಸಿ ಅಂದರೆ ಎಚ್‌ಐವಿಗೆ ಆಪ್ತಸಮಾಲೋಚನೆ ಮಾಡಿ ಪರೀಕ್ಷೆ ನಡೆಸುವ ಕೇಂದ್ರ. ಗಂಡನಿಂದ ಸೋಂಕು ಬಂದ ಎಷ್ಟೋ ಹೆಂಗಸರು ನನ್ನ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎದ್ದು ಹೋಗಿದ್ದಾರೆ. ಬಸುರಿಯಾದಾಗ ಮಾಡಿದ ಪರೀಕ್ಷೆಯಲ್ಲೇ ಮೊದಲ ಸಲ ಗೊತ್ತಾದವರೂ ಇದ್ದರು. ಅವರ ಮುಖಗಳು ಇವತ್ತಿಗೂ ನೆನಪಿವೆ. ಆದರೂ ಈ ಕಡ್ಡಾಯದ ಕಾನೂನು ಬೇಡ ಅಂತಲೇ ನಾನು ಹೇಳುತ್ತೇನೆ. ಯಾಕೆ ಅಂತ ಸ್ವಲ್ಪ ಸಮಾಧಾನದಿಂದ ಓದಿ.

ಒಂದು ಬೆಳಗ್ಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸಿನ ಹುಡುಗಿಯನ್ನು ಅವಳ ಸೋದರಮಾವ ಕರೆದುಕೊಂಡು ಬಂದಿದ್ದರು. ಮದುವೆ ಮಾತುಕತೆ ನಡೆದಿತ್ತು. ಹುಡುಗನ ಕಡೆಯವರು ರಿಪೋರ್ಟ್ ಕೇಳಿದ್ದರು. ಹುಡುಗಿ ಇಡೀ ಹೊತ್ತು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ರಕ್ತ ಕೊಟ್ಟಾಯಿತು. ಮಾವ ಕೈ ಚಾಚಿ, "ರಿಪೋರ್ಟ್ ನನ್ನ ಹತ್ರ ಕೊಡಿ ಮೇಡಂ, ಬಸ್ಸಿಗೆ ಹೊತ್ತಾಗುತ್ತೆ" ಅಂದರು.

"ಅವರ ಕೈಗೇ ಕೊಡಬೇಕು ಸರ್. ನೀವು ಹೊರಗೆ ಕೂತಿರಿ."

"ನಾನೇನು ಬೇರೆಯವನಾ?"

ಅವರಿಗೆ ನಿಜವಾಗಿಯೂ ಬೇಜಾರಾಯಿತು. ಕೆಟ್ಟ ಮನುಷ್ಯ ಅಲ್ಲ, ತಂದೆ ಇಲ್ಲದ ಹುಡುಗಿಯನ್ನು ಸಾಕಿದವರು. ಆದರೂ ಬಾಗಿಲು ಹಾಕಿದೆ. ಇಬ್ಬರೇ ಆದ ಮೇಲೆ ಅವಳು ಮೊದಲ ಸಲ ತಲೆ ಎತ್ತಿದಳು. ರಿಪೋರ್ಟ್ ನೆಗೆಟಿವ್ ಇತ್ತು. ಅದನ್ನು ನೋಡಿ ಅವಳಿಗೆ ಅಂಥ ಸಮಾಧಾನವೇನೂ ಆದಂತೆ ಕಾಣಲಿಲ್ಲ. "ಪಾಸಿಟಿವ್ ಬಂದಿದ್ರೆ ಮಾವ ಇವತ್ತು ನನ್ನ ಮನೆಗೆ ಕರ್ಕೊಂಡು ಹೋಗ್ತಿದ್ರಾ ಮೇಡಂ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಡ್ಡಾಯ ಅಂದರೆ ಇದೇ ದೃಶ್ಯ ಪ್ರತಿ ಮನೆಗೂ ಬರುತ್ತದೆ. ಬಾಗಿಲು ಹಾಕುವವರು ಮಾತ್ರ ಇರುವುದಿಲ್ಲ. ರಿಪೋರ್ಟ್ ಮಾವನ ಕೈಗೆ, ಅಲ್ಲಿಂದ ಬೀಗರ ಕೈಗೆ, ಅಲ್ಲಿಂದ ಊರಿಗೆ. ಮದುವೆ ಮುರಿದರೆ ಕಾರಣ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎಲ್ಲರಿಗೂ ಗೊತ್ತಾಗಿರುತ್ತದೆ.

ಬಲವಂತದ ಕಾನೂನು ನಮ್ಮ ದೇಶಕ್ಕೆ ಹೊಸದಲ್ಲ. ಎಂಬತ್ತರ ದಶಕದಲ್ಲಿ ಗೋವಾ ತನ್ನ ಸಾರ್ವಜನಿಕ ಆರೋಗ್ಯ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಸೋಂಕು ಇದ್ದವರನ್ನು ಬೇರೆ ಇಡಬಹುದು ಅಂತ ಅದರಲ್ಲಿತ್ತು. 1989ರಲ್ಲಿ ಡೊಮಿನಿಕ್ ಡಿಸೋಜ ಎಂಬ ಯುವಕನನ್ನು ಪೊಲೀಸರು ಕರೆದುಕೊಂಡು ಹೋದರು. ಆತ ರಕ್ತದಾನಿ. ದಾನ ಕೊಟ್ಟ ರಕ್ತದ ಪರೀಕ್ಷೆಯಿಂದಲೇ ವಿಷಯ ಹೊರಬಿದ್ದಿತ್ತು. ಪಾಳುಬಿದ್ದ ಕ್ಷಯರೋಗದ ಆಸ್ಪತ್ರೆಯಲ್ಲಿ ಆತನನ್ನು ಒಬ್ಬನೇ 64 ದಿನ ಕೂಡಿಟ್ಟರು. ತಾಯಿ ಲೂಸಿ ಡಿಸೋಜ ಬಾಂಬೆ ಹೈಕೋರ್ಟಿಗೆ ಹೋದರು. ಕೋರ್ಟು ಕಾನೂನನ್ನೇ ಎತ್ತಿಹಿಡಿಯಿತು. ಡೊಮಿನಿಕ್ ಹೊರಗೆ ಬಂದ ಮೇಲೂ ಸೋಂಕಿತರ ಪರವಾಗಿ ದನಿ ಎತ್ತಿದ, 1992ರಲ್ಲಿ ತೀರಿಕೊಂಡ. ನಾಲ್ಕು ಜನಕ್ಕೆ ರಕ್ತ ಕೊಡಲು ಹೋದವನಿಗೆ ಹೀಗಾದರೆ, ಅದನ್ನು ನೋಡಿದ ಯಾರು ತಾನೇ ಧೈರ್ಯವಾಗಿ ಪರೀಕ್ಷೆಗೆ ಬಂದಾರು?

ಮದುವೆಗೆ ಮೊದಲಿನ ಕಡ್ಡಾಯ ಪರೀಕ್ಷೆಯನ್ನು ಅಮೆರಿಕದ ಇಲಿನಾಯ್ ರಾಜ್ಯ 1988ರಲ್ಲಿ ಜಾರಿ ಮಾಡಿಯೇ ನೋಡಿತ್ತು. ಮೊದಲ ಆರು ತಿಂಗಳಲ್ಲಿ 70 ಸಾವಿರಕ್ಕೂ ಜಾಸ್ತಿ ಜನರ ಪರೀಕ್ಷೆ ಆಯಿತು. ಸೋಂಕು ಸಿಕ್ಕಿದ್ದು 8 ಜನರಲ್ಲಿ. ಎಷ್ಟೋ ಜೋಡಿಗಳು ಪಕ್ಕದ ರಾಜ್ಯಕ್ಕೆ ಹೋಗಿ ಮದುವೆ ಆಗಿ ಬಂದರು. 1989ರಲ್ಲಿ ಆ ಕಾನೂನನ್ನು ವಾಪಸ್ ತೆಗೆದುಕೊಂಡರು. ಲೂಸಿಯಾನಾ ರಾಜ್ಯವೂ ಇದೇ ಕೆಲಸ ಮಾಡಿ ಕೆಲವೇ ತಿಂಗಳಲ್ಲಿ ಕೈಬಿಟ್ಟಿತು.

ಇನ್ನೊಂದು ವಿಷಯ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಕೆಲವು ವಾರ, ಕೆಲವೊಮ್ಮೆ ಮೂರು ತಿಂಗಳವರೆಗೂ ನೆಗೆಟಿವ್ ಅಂತಲೇ ಬರಬಹುದು. ಇದನ್ನೇ ವಿಂಡೋ ಪೀರಿಯಡ್ ಅನ್ನುವುದು. ಮದುವೆಯ ಹಿಂದಿನ ವಾರ ಬಂದ ನೆಗೆಟಿವ್ ಕಾಗದ ಮದುವೆಯ ನಂತರದ ಹತ್ತು ವರ್ಷಕ್ಕೆ ಗ್ಯಾರಂಟಿ ಅಲ್ಲ. ನನ್ನ ಮುಂದೆ ಕೂತಿದ್ದ ಹೆಂಗಸರಲ್ಲಿ ಹಲವರ ಗಂಡಂದಿರಿಗೆ ಸೋಂಕು ಬಂದಿದ್ದು ಮದುವೆಯಾಗಿ ವರ್ಷಗಳು ಕಳೆದ ಮೇಲೆ. ಅವರ ಮದುವೆಗೆ ಮೊದಲು ಪರೀಕ್ಷೆ ಮಾಡಿಸಿದ್ದರೂ ಏನೂ ಸಿಗುತ್ತಿರಲಿಲ್ಲ.

ಹಾಗಾದರೆ ಹೆಣ್ಣುಮಕ್ಕಳ ಗತಿ ಏನು ಅಂತ ಕೇಳುತ್ತೀರಿ. ಈಗಿರುವ ಕಾನೂನಿನಲ್ಲೇ ದಾರಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಎಚ್‌ಐವಿ, ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆಯನ್ನು ಸಂಸತ್ತು 2017ರಲ್ಲಿ ಒಪ್ಪಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಯಾರಿಗೂ ಪರೀಕ್ಷೆ ಮಾಡುವಂತಿಲ್ಲ ಅನ್ನುವುದು ಅದರ ಬುಡದ ಮಾತು. ಕೆಲಸಕ್ಕೆ, ಓದಿಗೆ, ಚಿಕಿತ್ಸೆಗೆ ಮೊದಲು ಪರೀಕ್ಷೆ ಮಾಡಿಸಿಕೊಂಡು ಬಾ ಅಂತ ಷರತ್ತು ಹಾಕುವಂತಿಲ್ಲ. ಹಾಗಂತ ಸಂಗಾತಿಯನ್ನು ಅದು ಮರೆತಿಲ್ಲ. ಪಾಸಿಟಿವ್ ಇರುವವರು ಎಷ್ಟು ಹೇಳಿದರೂ ಗಂಡನಿಗೋ ಹೆಂಡತಿಗೋ ತಿಳಿಸದಿದ್ದರೆ, ಆ ಸಂಗಾತಿಗೆ ನಿಜವಾಗಿ ಅಪಾಯ ಇದ್ದರೆ, ಡಾಕ್ಟರ್ ಅಥವಾ ಕೌನ್ಸೆಲರ್ ಪಾಸಿಟಿವ್ ಇರುವವರಿಗೆ ಮೊದಲೇ ಹೇಳಿ, ಆಮೇಲೆ ತಾವೇ ಸಂಗಾತಿಗೆ ತಿಳಿಸಬಹುದು. ತಿಳಿಸಿದರೆ ಪಾಸಿಟಿವ್ ಇರುವ ಹೆಂಗಸಿಗೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ ಅನ್ನುವ ಭಯ ಇದ್ದರೆ ತಿಳಿಸಬಾರದು ಅಂತಲೂ ಅದರಲ್ಲಿದೆ. ಇದನ್ನು ಬರೆದವರು ಬಾಗಿಲ ಒಳಗೆ ಏನು ನಡೆಯುತ್ತದೆ ಅಂತ ಬಲ್ಲವರು. ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ನನ್ನ ಸಿಟ್ಟು ಇರುವುದು ಈ ಕಾನೂನನ್ನು ನಾವು ಕಪಾಟಿನಲ್ಲಿ ಇಟ್ಟಿದ್ದೇವಲ್ಲ, ಅದರ ಮೇಲೆ. ನನಗೆ ಗೊತ್ತಿದ್ದ ಒಬ್ಬರಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ತಪ್ಪದೆ ನುಂಗುತ್ತಿದ್ದರು, ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದಿತ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರು. ಅವರನ್ನು ಕೇಳದೆಯೇ ಪರೀಕ್ಷೆ ಮಾಡಿದರು. ಮಾರನೇ ದಿನ ಮಂಚದ ಕಾಲಿಗೆ ನೇತುಹಾಕಿದ್ದ ಫೈಲಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪ ಸುತ್ತು. ಊಟದ ತಟ್ಟೆಯನ್ನು ಬಾಗಿಲಲ್ಲೇ ಇಟ್ಟು ಹೋದರು. ಮಧ್ಯಾಹ್ನ "ಮೆಷಿನ್ ಕೆಟ್ಟಿದೆ, ಬೇರೆ ಕಡೆ ನೋಡಿ" ಅಂದರು. ಪಕ್ಕದ ಹಾಸಿಗೆಯವರಿಗೆ ಅದೇ ದಿನ ಆಪರೇಷನ್ ಆಯಿತು. ಅವರು ಬ್ಯಾಗು ತೆಗೆದುಕೊಂಡು ಮೆಟ್ಟಿಲು ಇಳಿಯುವಾಗ ನನಗೆ ಫೋನ್ ಮಾಡಿ, "ಇನ್ನು ಮೇಲೆ ಯಾರಿಗೂ ಹೇಳಲ್ಲ ಮೇಡಂ" ಅಂದರು. ಹಾಗೆ ಬಾಯಿ ಮುಚ್ಚಿಕೊಂಡವರಿಂದ ರೋಗ ತಡೆಯುವುದು ಹೇಗೆ ಹೇಳಿ?

ಅಲ್ಲಿ ನಡೆದದ್ದರಲ್ಲಿ ಒಂದೊಂದೂ ಕಾಯ್ದೆಗೆ ವಿರುದ್ಧ. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆಯಲ್ಲಿ, 100 ಅಥವಾ ಹೆಚ್ಚು ಜನ ಕೆಲಸ ಮಾಡುವ ಬೇರೆ ಸಂಸ್ಥೆಯಲ್ಲಿ ಒಬ್ಬ ದೂರು ಅಧಿಕಾರಿ ಇರಲೇಬೇಕು. ಅದರ ಮೇಲೆ ಪ್ರತಿ ರಾಜ್ಯ ಸರ್ಕಾರವೂ ಒಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸಿ ಆದೇಶ ಕೊಡುವವರನ್ನು, ನೇಮಿಸಬೇಕು. ದೂರು ಬಂದ 30 ದಿನದೊಳಗೆ ಅವರು ಆದೇಶ ಕೊಡಬೇಕು, ಜೀವಕ್ಕೆ ತುರ್ತು ಇದ್ದರೆ ಆದಷ್ಟು 24 ಗಂಟೆಯೊಳಗೆ. ಆದೇಶ ಪಾಲಿಸದಿದ್ದರೆ 10 ಸಾವಿರ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 5 ಸಾವಿರದವರೆಗೆ. ರಾಜ್ಯ ಸರ್ಕಾರಗಳಿಗೆ ಎಚ್‌ಐವಿ ವಿಷಯದಲ್ಲಿ ಏನಾದರೂ ಮಾಡುವ ಉತ್ಸಾಹ ಇದ್ದರೆ ಈ ಕೆಲಸ ಮಾಡಲಿ. ಪ್ರತಿ ಆಸ್ಪತ್ರೆಯ ಬಿಲ್ ಕೌಂಟರಿನ ಪಕ್ಕ ದೂರು ಅಧಿಕಾರಿಯ ಹೆಸರು, ನಂಬರು ಬರೆಸಲಿ. ಐಸಿಟಿಸಿಗಳಲ್ಲಿ ಕೌನ್ಸೆಲರ್ ಹುದ್ದೆ ಖಾಲಿ ಬಿಡದೆ ತುಂಬಲಿ.

ಪರೀಕ್ಷೆ ಮಾಡಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಮಾಡಿಸಿ. ಈಗ ದಿನಕ್ಕೊಂದು ಮಾತ್ರೆ ಸಾಕಾಗುವ ಕಾಲ. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ 2004ರಿಂದ ಔಷಧ ಪುಕ್ಕಟೆ. ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದು ಹಾಗೇ ನಿಂತರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ತಾಯಿ ಸರಿಯಾಗಿ ಔಷಧ ತೆಗೆದುಕೊಂಡರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕೆಳಗೆ ಇಳಿಯುತ್ತದೆ. ಇಷ್ಟೆಲ್ಲ ಇರುವಾಗ ಜನ ತಾವಾಗಿಯೇ ಬರುವ ಹಾಗೆ ಮಾಡಬೇಕು, ಅಲ್ವಾ?

ಆ ಹುಡುಗಿ ಹೊರಡುವ ಮೊದಲು ಇನ್ನೊಂದು ಮಾತು ಕೇಳಿದ್ದಳು. "ನನ್ನದು ಕೇಳಿದ್ರು. ಅವರದ್ದು ಯಾರು ಕೇಳ್ತಾರೆ ಮೇಡಂ?"

"ನೀನೇ ಕೇಳಮ್ಮ. ಇಬ್ರೂ ಒಟ್ಟಿಗೆ ಬನ್ನಿ. ದೊಡ್ಡವರು ಯಾರೂ ಬೇಡ."

ಹದಿನೈದು ದಿನ ಬಿಟ್ಟು ಬಂದರು. ಹುಡುಗ ತುಂಬ ಹೆದರಿದ್ದ. ಮುಕ್ಕಾಲು ಗಂಟೆ ಮಾತಾಡಿದೆವು. ವಿಂಡೋ ಪೀರಿಯಡ್ ಬಗ್ಗೆ, ಕಾಂಡೋಮ್ ಬಗ್ಗೆ, ಮುಂದೆ ಯಾವಾಗಲಾದರೂ ಅನುಮಾನ ಬಂದರೆ ಒಬ್ಬರಿಗೊಬ್ಬರು ಹೇಗೆ ಹೇಳಬೇಕು ಅನ್ನುವುದರ ಬಗ್ಗೆ. ಆ ಮುಕ್ಕಾಲು ಗಂಟೆ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಆದರೆ ಅವಳಿಗೆ ಬೇಕಿದ್ದದ್ದು ಅದೇ.

ಏನಾದರೂ ಕೇಳುವುದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಎಚ್‌ಐವಿ ಇದೆ ಅನ್ನೋ ಕಾರಣಕ್ಕೆ ನಿಮಗೋ ನಿಮ್ಮವರಿಗೋ ಆಪರೇಷನ್, ಹೆರಿಗೆ, ಕೆಲಸ, ಬಾಡಿಗೆ ಮನೆ ಯಾವುದನ್ನಾದರೂ ನಿರಾಕರಿಸಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ. ದೂರು ಬರೆಯಲು ಜೊತೆಗೆ ಕೂರುತ್ತೇನೆ. ನನಗೆ ನಿಮ್ಮ ಹೆಸರು ಹೇಳಬೇಕಂತಿಲ್ಲ.