ಉಕ್ಕಿಗೆ ಎರಡೇ ಮನೆ

ನಮ್ಮನೆಗೆ ಬರುವ ಪೇಪರಿನಲ್ಲಿ ಪದಬಂಧದ ಪುಟ ಅಮ್ಮನ ಪಾಲು, ಉಳಿದ ದೇಶಾವರಿಯೆಲ್ಲ ನನಗೆ. ಅವಳು ಬಿಡಿಸುವುದು ಪೆನ್ನಿನಲ್ಲಿ. ನಾನು ಪೆನ್ಸಿಲ್ಲು-ರಬ್ಬರಿನ ಜಾತಿ. ಮೊನ್ನೆ ಇಬ್ಬರೂ ಒಂದೇ ಸುಳಿವಿಗೆ ಸಿಕ್ಕಿಬಿದ್ದೆವು: ‘ಭದ್ರಾವತಿಗೆ ಹೆಸರು ತಂದದ್ದು, ಅಡುಗೆಮನೆಯಲ್ಲಿ ಬೈಗುಳ ತರುವುದು (2)’.

“ಕಾಗದ” ಎಂದೆ.

“ಅದಕ್ಕೆ ಮೂರು ಮನೆ ಬೇಕಲ್ಲೋ. ಬೈಗುಳ ಯಾಕೆ ತರುತ್ತೆ ಅದು?”

“ಕಬ್ಬಿಣ?”

“ಅದೂ ಮೂರೇ.”

ಅಷ್ಟರಲ್ಲಿ ಒಲೆ ಕಡೆಯಿಂದ ಚುರ್ರ್ ಎಂದಿತು. “ಅಯ್ಯೋ, ಹಾಲು ಉಕ್ತು!” ಎಂದು ಓಡಿದವಳು ಅರ್ಧದಾರಿಯಲ್ಲೇ ನಿಂತು, “ಉಕ್ಕು ಕಣೋ, ಬರಿ ಬರಿ!” ಎಂದಳು. ಹಾಲು ತನ್ನ ಪಾಡಿಗೆ ಕಟ್ಟೆಯೆಲ್ಲ ಹರಿಯಿತು.

ಆ ಲೋಹಕ್ಕೂ ಹಾಲಿಗೂ ಖುಷಿಗೂ ಒಂದೇ ಮಾತನ್ನು ನಮ್ಮವರು ಹೇಗೆ ಹಂಚಿದರೋ! ಕಬ್ಬಿಣದ ತುಂಡಿನ ಜೊತೆ ತಂಗಡಿ ಕಟ್ಟಿಗೆ, ಹಸಿರೆಲೆ ಇಟ್ಟು, ಮಣ್ಣಿನ ಮೂಸೆಯ ಬಾಯಿ ಮೆತ್ತಿ ಕಾಸಿ ತೆಗೆಯುತ್ತಿದ್ದ ದಕ್ಷಿಣದ ಉಕ್ಕು ಇಂಗ್ಲೆಂಡಿಗೆ ಹೋಗಿ ‘ವೂಟ್ಜ್’ ಆಯಿತು. ಆ ಹೆಸರಿನ ಬೇರು ನಮ್ಮ ಉಕ್ಕೇ ಎನ್ನುತ್ತಾರೆ ಬಲ್ಲವರು. ಅದರೊಳಗೆ ಏನಿದೆಯೆಂದು 1819ರಲ್ಲಿ ಮೈಕೆಲ್ ಫ್ಯಾರಡೆಯಂಥ ಫ್ಯಾರಡೆಯೇ ತಲೆಕೆಡಿಸಿಕೊಂಡಿದ್ದ. ಅಮ್ಮನಾಗಿದ್ದರೆ ಎರಡು ಮನೆಯಲ್ಲಿ ಮುಗಿಸುತ್ತಿದ್ದಳು.

ಪದಬಂಧವೂ ಒಬ್ಬರು ಕಂಡುಹಿಡಿದದ್ದೇ. ಲಿವರ್‌ಪೂಲಿನಿಂದ ಅಮೆರಿಕಕ್ಕೆ ಹೋಗಿದ್ದ ಆರ್ಥರ್ ವಿನ್ 1913ರ ಡಿಸೆಂಬರ್ 21ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರದಾಕಾರದ ಚೌಕಟ್ಟೊಂದನ್ನು ಹಾಕಿ ‘ವರ್ಡ್-ಕ್ರಾಸ್’ ಎಂದು ಕರೆದ. ಕೆಲವೇ ವಾರಗಳಲ್ಲಿ ಅಚ್ಚುಮೊಳೆ ಜೋಡಿಸುವವರ ಕೈತಪ್ಪಿ ಅದು ‘ಕ್ರಾಸ್-ವರ್ಡ್’ ಆಯಿತಂತೆ. ಆ ಮೊದಲ ಪದಬಂಧದಲ್ಲಿ ಒಂದು ಪದ ಮಾತ್ರ ಮೊದಲೇ ಅಚ್ಚಾಗಿತ್ತು: ‘ಫನ್’. ಪುರವಣಿಯ ಹೆಸರೇ ಅದು. ಉಳಿದದ್ದಕ್ಕೆಲ್ಲ ಓದುಗರು ತಲೆ ಕೆರೆದುಕೊಳ್ಳಬೇಕು, ಮೋಜು ಮಾತ್ರ ಬಿಟ್ಟಿ.

ಅವನದು ಮನೆಗೊಂದೇ ಅಕ್ಷರದ ಚಿಕ್ಕ ಸಂಸಾರ. ನಮ್ಮಲ್ಲಿ ಒತ್ತು, ದೀರ್ಘ, ಸೊನ್ನೆ ಎಲ್ಲ ಒಂದೇ ಮನೆಯಲ್ಲಿ ಅಡಕವಾಗಬೇಕು. ಇದರ ಪಾಡು ಗೊತ್ತಾದದ್ದು ನಾನೇ ಒಂದು ಪದಬಂಧ ಕಟ್ಟಲು ಹುರುಪಿನಿಂದ ಕೂತಾಗ. ಎಡದಿಂದ ಬಲಕ್ಕೆ ‘ಉತ್ಸಾಹ’ ಬರೆದೆ. ನಡುವಿನ ‘ತ್ಸಾ’ ಹಾಯ್ದು ಮೇಲಿನಿಂದ ಕೆಳಕ್ಕೆ ಇನ್ನೊಂದು ಪದ ಇಳಿಯಬೇಕು. ಹೊಳೆದದ್ದು ಪ್ರೋತ್ಸಾಹ, ನಿರುತ್ಸಾಹ. ಎಲ್ಲ ಅದೇ ಮನೆತನದವು. ಸಂಜೆ ಹೊತ್ತಿಗೆ ಎರಡನೆಯದೇ ನನಗೆ ಸರಿಹೊಂದುವಂತಿತ್ತು.

ಅಮ್ಮ ಕನ್ನಡಕ ಮೂಗಿನ ತುದಿಗಿಳಿಸಿ ನೋಡಿದಳು. ನನ್ನ ಪೆನ್ಸಿಲ್ ಪಕ್ಕಕ್ಕೆ ತಳ್ಳಿ ತನ್ನ ಪೆನ್ನಿನಲ್ಲಿ ಒಂದೊಂದೇ ಮನೆ ತುಂಬಿದಳು: ಚಿ, ಕಿ, ತ್ಸಾ, ಲ, ಯ.

“ಉತ್ಸಾಹಕ್ಕೆ ಅಡ್ಡ ಬರೋದು ಅದೇ ನೋಡು” ಎಂದು ಬಿ.ಪಿ. ಮಾತ್ರೆ ಹುಡುಕಲು ಎದ್ದುಹೋದಳು.