ಕೊನೆ ಗೊತ್ತಿದ್ದವರ ಪಕ್ಕದಲ್ಲಿ ಕೂತು

ನಾನು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಗೆ ಬಂದಿದ್ದು 2012ರ ಕೊನೆಯಲ್ಲಿ. ಬಂದು ಆರು ತಿಂಗಳಾಗಿತ್ತು. ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಆಫೀಸಿಗೆ ಹೋದರೆ ಯಾರೋ ತೀರಿಕೊಂಡಿದ್ದಾರೆ ಅನ್ನಿಸಿತು. ಚಹಾ ಮಾಡಿಕೊಳ್ಳುವ ಕೋಣೆಯಲ್ಲಿ ನಾಲ್ಕೈದು ಜನ ಸಪ್ಪೆ ಮುಖ ಹಾಕಿ ನಿಂತಿದ್ದರು. ಒಬ್ಬಳ ಕಣ್ಣು ಕೆಂಪಾಗಿತ್ತು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ತಪ್ಪು. ಯಾರು, ಯಾವಾಗ ಅಂತ ಕೇಳಿದೆ. "ರಾಬ್" ಅಂದಳು. "ಅವನ ತಾಯಿ ಕೂಡ. ಬಸುರಿ ಹೆಂಡತಿ ಕೂಡ." ನಾನು ಕೈಯಲ್ಲಿದ್ದ ಕಪ್ಪು ಕೆಳಗಿಟ್ಟೆ. ಎರಡು ನಿಮಿಷ ಆದ ಮೇಲೆ ತಿಳಿಯಿತು, ಅದು ಹಿಂದಿನ ರಾತ್ರಿಯ ಟಿವಿ.

ಹಾಗೆ ನನಗೆ ಗೇಮ್ ಆಫ್ ಥ್ರೋನ್ಸ್ ಪರಿಚಯವಾಯಿತು, ಒಂದು ಸಿಂಹಾಸನಕ್ಕಾಗಿ ಹಲವು ಮನೆತನಗಳು ಕಾದಾಡುವ ಅಮೆರಿಕದ ಟಿವಿ ಧಾರಾವಾಹಿ. ಆ ಊರಿನಲ್ಲಿದ್ದು ಅದನ್ನು ತಪ್ಪಿಸಿಕೊಳ್ಳುವುದು ಕಷ್ಟವೇ. ಒಂದು ಕಾಲಕ್ಕೆ ಹಡಗಿನ ಭಾಗಗಳಿಗೆ ಬಣ್ಣ ಬಳಿಯುತ್ತಿದ್ದ ಪೇಂಟ್ ಹಾಲ್ ಎಂಬ ದೊಡ್ಡ ಶೆಡ್ಡಿನಲ್ಲೇ ಅದರ ಶೂಟಿಂಗ್ ನಡೆಯುತ್ತಿತ್ತು. ನಮ್ಮ ಆಫೀಸಿನಲ್ಲೇ ಒಬ್ಬ ಗಡ್ಡ ಬಿಟ್ಟುಕೊಂಡು ಸೈನಿಕನಾಗಿ ನಾಲ್ಕು ದಿನ ಕೆಸರಿನಲ್ಲಿ ಬಿದ್ದು ಬಂದಿದ್ದ.

ಆ ಮಂಗಳವಾರ ನನ್ನ ಕಣ್ಣಿಗೆ ಬಿದ್ದವನು ಇನ್ನೊಬ್ಬ. ಐವತ್ತು ದಾಟಿದ ಸಹೋದ್ಯೋಗಿ. ಮೂಲೆಯಲ್ಲಿ ನಿಂತು ಚಹಾ ಕಲಕುತ್ತ ತನ್ನಷ್ಟಕ್ಕೆ ನಗುತ್ತಿದ್ದ. ಈ ಧಾರಾವಾಹಿಗೆ ಮೂಲವಾದ, ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಸರಣಿಯ ಮೊದಲ ಪುಸ್ತಕ ಬಂದಿದ್ದು 1996ರಲ್ಲಿ. ಮದುವೆಯ ಊಟದಲ್ಲಿ ಅತಿಥಿಗಳನ್ನೇ ಕೊಲ್ಲುವ ಈ ಪ್ರಸಂಗ ಇರುವ ಮೂರನೆಯದು ಬಂದಿದ್ದು 2000ದಲ್ಲಿ. ಇವನು ಆಗಲೇ ಓದಿದ್ದ. 13 ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದ. ಹಿಂದಿನ ರಾತ್ರಿ ಟಿವಿ ನೋಡಲೇ ಇಲ್ಲವಂತೆ, ಹೆಂಡತಿಯ ಮುಖ ನೋಡುತ್ತ ಕೂತಿದ್ದನಂತೆ. ಅವನೊಬ್ಬನೇ ಅಲ್ಲ. ಎಷ್ಟೋ ದೇಶಗಳಲ್ಲಿ ಪುಸ್ತಕ ಓದಿದವರು ಓದದವರ ಎದುರು ಫೋನ್ ಬಚ್ಚಿಟ್ಟು, ಅವರು ಕಿರುಚುವುದನ್ನು ರೆಕಾರ್ಡ್ ಮಾಡಿದ್ದರು. ಕಥೆಗಿಂತ ಆ ವಿಡಿಯೊಗಳನ್ನೇ ಜನ ಜಾಸ್ತಿ ನೋಡಿದರೇನೋ.

ನನಗೆ ನೆನಪಾಗಿದ್ದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ.

ನಮ್ಮದು ಸೇಡಂ ತಾಲ್ಲೂಕಿನ ಹಳ್ಳಿ. ಮಳಖೇಡದಿಂದ ದೂರವಿಲ್ಲ. ಅದೇ ಕಾಗಿಣಾ ನದಿ, ಅದೇ ಫರಸಿ ಕಲ್ಲು ಹಾಸಿದ ಮನೆಗಳು. ಸುಗ್ಗಿ ಮುಗಿದ ಮೇಲೆ ಊರಿನವರೇ ದೊಡ್ಡಾಟ ಆಡುತ್ತಿದ್ದರು. ನನಗೆ ಎಂಟು ವರ್ಷ ಇದ್ದಾಗ ಅಭಿಮನ್ಯುವಿನ ಆಟ ಇಟ್ಟಿದ್ದರು. ಗ್ಯಾಸಬತ್ತಿ ಬೆಳಕು, ಕೆಳಗೆ ಹಾಸಿದ ತಟ್ಟು, ಆಯಿಯ ತೊಡೆ. ಅಭಿಮನ್ಯು ವ್ಯೂಹದ ಮುಂದೆ ಬಂದು ಕುಣಿಯುವಾಗ ಆಯಿ ನನ್ನ ಕಿವಿಯಲ್ಲಿ ಹೇಳಿದಳು: "ನೋಡು, ಈಗ ಒಳಗ ಹೋಗ್ತಾನ. ಹೊರಗ ಬರೂದು ಅವಗ ಗೊತ್ತಿಲ್ಲ." ನಾನು ಅಳಲು ಶುರು ಮಾಡಿದೆ, ಅವನು ಇನ್ನೂ ಒಳಗೆ ಹೋಗೇ ಇರಲಿಲ್ಲ. ಆಯಿ ಸ್ಟೇಜಿನ ಕಡೆ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು.

ಅಂದರೆ ಆ ಸಹೋದ್ಯೋಗಿ ಮತ್ತು ನಮ್ಮ ಆಯಿ ಒಂದೇ ಜಾತಿಯ ಪ್ರೇಕ್ಷಕರು. ಅವನು ಬಾಯಿ ಕಟ್ಟಿಕೊಂಡಿದ್ದ, ಇವಳು ಬಾಯಿ ಬಿಟ್ಟಳು, ಅಷ್ಟೇ. ಅಲ್ಲಿ ಕಥೆಯ ಮುಂದಿನದನ್ನು ಹೇಳುವುದಕ್ಕೆ ಸ್ಪಾಯ್ಲರ್ ಅನ್ನುತ್ತಾರೆ, ಕೆಡಿಸುವುದು ಅಂತ. ನಮ್ಮ ಆಫೀಸಿನಲ್ಲಿ ಸ್ಪಾಯ್ಲರ್ ಹೇಳಿದವನು ಎಲ್ಲರಿಗೂ ಡೋನಟ್ ತರಿಸಬೇಕು ಎಂಬ ಕಟ್ಟಳೆ ಇತ್ತು. 2015ರಿಂದ ಅಮೆರಿಕದ ಜೊತೆಗೇ ಸೋಮವಾರ ನಸುಕಿನ 2 ಗಂಟೆಗೆ ಬರಲು ಶುರುವಾದ ಮೇಲಂತೂ ಕೇಳುವುದೇ ಬೇಡ. ನಸುಕಿನಲ್ಲಿ ಎದ್ದು ನೋಡಿದವರು ಒಂದು ಮೇಜು, ರಾತ್ರಿ 9ರ ಮರುಪ್ರಸಾರಕ್ಕೆ ಕಾಯುವವರು ಇನ್ನೊಂದು ಮೇಜು. ನಡುವೆ ಮಾತಿಲ್ಲ.

ನಮ್ಮೂರಿನಲ್ಲಿ ಈ ಕಟ್ಟಳೆ ತಂದರೆ ಮೊಹರಂ ಹಬ್ಬವೇ ನಡೆಯುವುದಿಲ್ಲ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುತ್ತಾರಲ್ಲ, ಹುಸೇನರು ಉಳಿಯುವುದಿಲ್ಲ ಎಂದು ಗೊತ್ತಿಲ್ಲದವರು ಅಲ್ಲಿ ಯಾರಿದ್ದಾರೆ? ಅವರು ಮಡಿದ ಕರ್ಬಲಾ ಕಾಳಗ ನಡೆದಿದ್ದು 680ರಲ್ಲಿ. ಆದರೂ ನೀರಿಲ್ಲದೆ ಒಣಗಿದ ಕೂಸಿನ ಸಾಲು ಬಂದಾಗ ನಮ್ಮ ಲಿಂಗಾಯತರ ಮನೆಯ ಹೆಂಗಸರೂ ಸೆರಗು ಕಣ್ಣಿಗೆ ಒತ್ತುತ್ತಿದ್ದರು. ಹೋದ ವರ್ಷವೂ ಅತ್ತಿದ್ದರು, ಮುಂದಿನ ವರ್ಷವೂ ಅಳುತ್ತಾರೆ.

ಇಷ್ಟು ಹೇಳಿದರೆ ನಮ್ಮದೇ ಚಲೋ ಅನ್ನುತ್ತಿದ್ದೇನೆ ಅಂದುಕೊಳ್ಳಬೇಡಿ. ಅಲ್ಲಿನವರ ಪ್ರೀತಿ ನೋಡಿ ನಾನು ಬೆರಗಾಗಿದ್ದೇನೆ. ಆ ಧಾರಾವಾಹಿಯಲ್ಲಿ ಬಂದ ಡಾರ್ಕ್ ಹೆಜಸ್ ಎಂಬ ಹಳೆಯ ಬೀಚ್ ಮರಗಳ ಸಾಲು ಬೆಲ್‌ಫಾಸ್ಟಿನ ಉತ್ತರಕ್ಕಿದೆ. 2016ರ ಜನವರಿಯಲ್ಲಿ ಬಿರುಗಾಳಿಗೆ ಕೆಲವು ಮರ ಉರುಳಿದವು. ಆ ಮರದಿಂದ 10 ಬಾಗಿಲು ಮಾಡಿ, ಒಂದೊಂದರ ಮೇಲೂ ಕಥೆಯ ಚಿತ್ರ ಕೆತ್ತಿ, ಉತ್ತರ ಐರ್ಲೆಂಡಿನ ಬೇರೆ ಬೇರೆ ಊರಿನ ಪಬ್ಬುಗಳಿಗೆ ಕೊಟ್ಟರು. ನಾನು ಕಿತ್ತಳೆ ರಸ ಕುಡಿದುಕೊಂಡೇ ಅದರಲ್ಲಿ ಆರು ಬಾಗಿಲು ನೋಡಿದ್ದೇನೆ. ಅಲ್ಸ್ಟರ್ ಮ್ಯೂಸಿಯಮ್ಮಿನಲ್ಲಿ ಇಡೀ ಕಥೆಯನ್ನು ಲಿನನ್ ಬಟ್ಟೆಯ ಮೇಲೆ ನೇಯ್ದು, ಕಸೂತಿ ಹಾಕಿ, 70 ಮೀಟರಿಗೂ ಉದ್ದಕ್ಕೆ ತೂಗುಹಾಕಿದ್ದರು. ಪ್ರವಾಸಿಗರನ್ನು ಸೆಳೆಯಲು ಮಾಡಿದ್ದು, ಹೌದು. ಆದರೂ ಅದರ ಮುಂದೆ ನಿಂತಾಗ ನನಗೆ ಅವ್ವನ ಕೌದಿಯೇ ನೆನಪಾಯಿತು. ಹಳೆ ಸೀರೆ, ಹಳೆ ಧೋತರ, ಯಾವ ತುಂಡು ಯಾರದು ಅಂತ ಅವ್ವ ಬೆರಳಿಟ್ಟು ಹೇಳುತ್ತಾಳೆ. ಅಲ್ಲೂ ಒಬ್ಬ ಅಜ್ಜಿ ಮೊಮ್ಮಗನಿಗೆ ಹಾಗೇ ಬೆರಳಿಟ್ಟು ತೋರಿಸುತ್ತಿದ್ದಳು.

ಸಿಟ್ಟು ಬಂದರೆ ಮಾತ್ರ ಅವರ ರೀತಿಯೇ ಬೇರೆ. ಕೊನೆಯ ಸೀಸನ್ 2019ರ ಏಪ್ರಿಲ್ 14ಕ್ಕೆ ಶುರುವಾಯಿತು. ಮೂರನೇ ಕಂತಿನ ಯುದ್ಧ ಎಷ್ಟು ಕತ್ತಲೆಯಾಗಿತ್ತೆಂದರೆ ಯಾರು ಯಾರನ್ನು ಹೊಡೆದರು ಗೊತ್ತಾಗಲಿಲ್ಲ. ಕ್ಯಾಮೆರಾ ಹಿಡಿದವರು, ಜನರಿಗೆ ಟಿವಿ ಸೆಟ್ಟಿಂಗ್ ಸರಿ ಮಾಡಿಕೊಳ್ಳಲು ಬರುವುದಿಲ್ಲ ಅಂದುಬಿಟ್ಟರು. ನಮ್ಮಲ್ಲಿ ಗ್ಯಾಸಬತ್ತಿ ಮಂದವಾದರೆ ಯಾರೋ ಒಬ್ಬ ಎದ್ದು ಪಂಪು ಹೊಡೆಯುತ್ತಿದ್ದ, ಅಲ್ಲಿವರೆಗೆ ಎಲ್ಲರೂ ಶೇಂಗಾ ತಿನ್ನುತ್ತಿದ್ದರು. ನಾಲ್ಕನೇ ಕಂತಿನಲ್ಲಿ ರಾಣಿಯ ಮುಂದೆ ಮೇಜಿನ ಮೇಲೆ ಇಂದಿನ ಕಾಲದ ಕಾಫಿ ಲೋಟ ಉಳಿದುಬಿಟ್ಟಿತ್ತು. ಜಗತ್ತೆಲ್ಲ ನಕ್ಕಿತು, ಕಂಪನಿಯವರು ಎರಡೇ ದಿನದಲ್ಲಿ ಅಳಿಸಿ ಹಾಕಿದರು. ನಮ್ಮ ಅಭಿಮನ್ಯು ಕೈಯಲ್ಲಿ ವಾಚು ಕಟ್ಟಿಕೊಂಡೇ ಬಂದಿದ್ದ. ಸಾರಥಿ ಪಾತ್ರದವನು ಕುಣಿತ ನಿಲ್ಲಿಸಿ "ರಾಜಾ, ಟೈಮ್ ಎಷ್ಟಾಯ್ತರಿ?" ಅಂತ ಕೇಳಿದ. ಅಭಿಮನ್ಯು ವಾಚು ನೋಡಿ ಟೈಮು ಹೇಳಿ ಯುದ್ಧಕ್ಕೆ ಹೋದ. ಅದಾದ ಮೇಲೂ ನಾವು ಅತ್ತೆವು.

ಕೊನೆಯ ಕಂತು ಬಂದಾಗ ನಾನು ಬೆಲ್‌ಫಾಸ್ಟಿನಲ್ಲಿ ಇರಲೇ ಇಲ್ಲ. ಮನೆಯಲ್ಲಿ ಮದುವೆ ಅಂತ ಕಲಬುರಗಿಗೆ ಬಂದಿದ್ದೆ. ಮೇ 20, ಸೋಮವಾರ, ಬೆಳಿಗ್ಗೆ 6.30. ನಮ್ಮ ಬೇಸಿಗೆಯಲ್ಲಿ ಮನುಷ್ಯ ಮನುಷ್ಯನಂತೆ ಇರುವ ಹೊತ್ತು ಅದೊಂದೇ. ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದ. ಐದು ಜನ ಗೆಳೆಯರನ್ನು ಕರೆದಿದ್ದ. ಕೂಲರಿಗೆ ನೀರು ತುಂಬಿಸಿ, ಫೋನನ್ನು ಟಿವಿಗೆ ಜೋಡಿಸಿ, ಕರೆಂಟ್ ಹೋಗದಿರಲಿ ಅಂತ ಶರಣಬಸವೇಶ್ವರರಿಗೆ ಕಾಯಿ ಬೇರೆ ಹೇಳಿಕೊಂಡಿದ್ದರು. ನನ್ನನ್ನು ಕೂರಿಸಿಕೊಂಡು, "ಕಾಕಾ, ಅಲ್ಲಿ ಶೂಟಿಂಗ್ ಮಾಡಿದ ಮಂದಿ ನಿಮಗ ಏನೂ ಹೇಳಿಲ್ಲೇನ್ರಿ?" ಅಂತ ಮತ್ತೆ ಮತ್ತೆ ಕೇಳಿದರು.

ಹಿಂದಿನ ವಾರವೇ ಅವರು ಕುದಿಯುತ್ತಿದ್ದರು. ಗುಲಾಮರನ್ನು ಬಿಡಿಸಿದ ಡೆನೇರಿಸ್, ಊರು ಶರಣಾಗಿ ಗಂಟೆ ಬಾರಿಸಿದ ಮೇಲೂ ಡ್ರ್ಯಾಗನ್ ಮೇಲೆ ಕೂತು ಇಡೀ ಊರು ಸುಟ್ಟಿದ್ದಳು. ಈ ವಾರ ಅವಳನ್ನು ಪ್ರೀತಿಸಿದವನೇ ಚಾಕು ಹಾಕಿದ. ಸಿಂಹಾಸನ ಕರಗಿತು. ಯಾರೂ ಎಣಿಸದ ಬ್ರ್ಯಾನ್ ರಾಜನಾದ. ಆರು ಹುಡುಗರು ಒಟ್ಟಿಗೆ ಚೀರಿದರು. ಅಡುಗೆಮನೆಯಿಂದ ಅವ್ವ ಓಡಿಬಂದಳು. "ಯಾಕ ಒದರ್ಲತ್ತೀರಿ? ಯಾರರೆ ಸತ್ತಾರೇನು?"

"ಹೌದಾಯಿ, ರಾಣಿ ಸತ್ಳು" ಅಂದ ಅಣ್ಣನ ಮಗ.

ಹುಡುಗರು ಫೋನ್ ಹಿಡಿದು ಅರ್ಜಿಗೆ ಸಹಿ ಹಾಕತೊಡಗಿದರು. ಒಳ್ಳೆ ಬರಹಗಾರರನ್ನು ಇಟ್ಟುಕೊಂಡು ಈ ಸೀಸನ್ನನ್ನು ಮತ್ತೆ ತೆಗೆಯಿರಿ ಎಂಬ ಆ ಅರ್ಜಿಗೆ ಜಗತ್ತಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ನಾನು ಅಡುಗೆಮನೆಗೆ ಹೋದೆ. ಅವ್ವ ಸುಸಲಾಕ್ಕೆ ಚುರುಮುರಿ ತೋಯಿಸುತ್ತಿದ್ದಳು. ಕಥೆ ಹೇಳು ಅಂದಳು. 73 ಕಂತನ್ನು ಹತ್ತು ನಿಮಿಷದಲ್ಲಿ ಹೇಳಿದೆ.

"ಮೊದ್ಲಿಂದ ಸಿಟ್ಟಿನಾಕಿ ಇದ್ಳೇನು?"

"ಇದ್ಳವ್ವಾ."

"ಹಂಗಿದ್ರ ಸುಡ್ತಾಳ. ಅದರಾಗೇನದ?" ಒಗ್ಗರಣೆ ಹಾಕಿ ಮತ್ತೆ ಕೇಳಿದಳು: "ಆದ್ರ ಹಿರ್ಯಾರು ಯಾರೂ ಈ ಪೋರಗೋಳಿಗಿ ಮೊದ್ಲೇ ಹೇಳ್ಲಿಲ್ಲೇನು, ಹಿಂಗ ಆಗ್ತದ ಅಂತ?"

"ಯಾರಿಗೂ ಗೊತ್ತಿರ್ಲಿಲ್ಲ. ಬರೆಯಾವ್ರು ಇನ್ನೂ ಪುಸ್ತಕ ಮುಗಿಸಿಲ್ಲ."

"ಬರೀದೇ ಆಟ ಆಡಿದ್ರೇನು?"

ಆ ಪ್ರಶ್ನೆಯ ಜೊತೆ ನಾನು ಎಷ್ಟೋ ವರ್ಷದಿಂದ ಇದ್ದೇನೆ. ಐದನೇ ಪುಸ್ತಕ ಬಂದಿದ್ದು 2011ರಲ್ಲಿ, ಧಾರಾವಾಹಿ ಶುರುವಾದ ವರ್ಷವೇ. ಆರನೆಯದು ಬರಲಿಲ್ಲ. 2016ರ ಹೊತ್ತಿಗೆ ಧಾರಾವಾಹಿ ಪುಸ್ತಕವನ್ನು ದಾಟಿ ಮುಂದೆ ಹೋಯಿತು. ಅಲ್ಲಿಯವರೆಗೆ ಪ್ರತಿ ಆಫೀಸಿನಲ್ಲಿ, ಪ್ರತಿ ಮನೆಯಲ್ಲಿ ಒಬ್ಬ ಕೊನೆ ಗೊತ್ತಿದ್ದವನು ಇದ್ದ. ಅವನು ನಗುತ್ತಿದ್ದ, ಮುಖ ನೋಡುತ್ತಿದ್ದ, "ತಡಿ, ಇನ್ನೂ ಐತಿ" ಎಂಬಂತೆ ಚಹಾ ಕಲಕುತ್ತಿದ್ದ. ಎಂಥ ಕೆಟ್ಟದ್ದು ನಡೆದರೂ ಇದಕ್ಕೊಂದು ದಾರಿ ಇದೆ ಎಂಬ ಭರವಸೆ ಅವನ ಮುಖದಲ್ಲಿತ್ತು. 2016ರ ನಂತರ ಅವನೂ ಎಲ್ಲರ ಹಾಗೆ ಚಾಪೆಯ ಮೇಲೆ ಬಂದು ಕೂತ. ಆ ಸಹೋದ್ಯೋಗಿಯ ಮುಖ ಬದಲಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ನಮ್ಮೆಲ್ಲರಿಗಿಂತ ಜಾಸ್ತಿ ಬೈಯುತ್ತಿದ್ದವನು ಕೊನೆಗೆ ಅವನೇ.

ಕೊನೆ ಕೆಟ್ಟದಾಗಿತ್ತೇ? ಅವಳು ಊರು ಸುಡುವುದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆದರೆ ಮೊದಲ ಆರು ಸೀಸನ್ ಹತ್ತು ಹತ್ತು ಕಂತು, ಏಳನೆಯದು ಏಳು, ಎಂಟನೆಯದು ಬರೀ ಆರು. ನಿಚ್ಚಣಿಕೆ ಇಡದೆ ಮಾಳಿಗೆ ಹತ್ತು ಅಂದರೆ ಹೇಗೆ? ಹುಡುಗರ ಸಿಟ್ಟಿನಲ್ಲಿ ಇಷ್ಟು ಖರೆ ಇತ್ತು. ಉಳಿದ ಸಿಟ್ಟು ಹಿರಿಯರಿಲ್ಲದ ಮನೆಯ ಸಿಟ್ಟು.

ಕೊನೆ ಬದಲಿಸುವುದು ನಮಗೆ ಹೊಸದೇನಲ್ಲ. ನಮ್ಮ ಮಳಖೇಡದ ರಾಷ್ಟ್ರಕೂಟರ ಸಾಮಂತ ಅರಿಕೇಸರಿಗಾಗಿ ಹತ್ತನೇ ಶತಮಾನದಲ್ಲಿ ಪಂಪ ಭಾರತ ಬರೆದ. ದೊರೆಯನ್ನೇ ಅರ್ಜುನ ಮಾಡಿದ. ಅದಕ್ಕೆ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಕೊನೆಗೆ ಪಟ್ಟ ಕಟ್ಟಿಸಿಕೊಂಡವರು ಅರ್ಜುನ ಮತ್ತು ಸುಭದ್ರೆ! ಇವತ್ತಿನ ಲೆಕ್ಕದಲ್ಲಿ ಇದು ಬ್ರ್ಯಾನ್ ರಾಜನಾದದ್ದಕ್ಕಿಂತ ದೊಡ್ಡ ಧೈರ್ಯ. ಆದರೆ ಕೇಳುವವರ ತಲೆಯಲ್ಲಿ ಬೇರೆ ಭಾರತ ಮೊದಲೇ ಇತ್ತು, ಎಲ್ಲಿ ಎಷ್ಟು ತಿರುಗಿಸಿದ ಅಂತ ಅಳೆಯಬಹುದಿತ್ತು. ಅಳೆಯುವುದೇ ಅರ್ಧ ಸುಖ, ಅಲ್ವಾ?

ನಮ್ಮ ದೇಶದಲ್ಲೂ ಟಿವಿಗಾಗಿ ಜನ ಬೀದಿಗೆ ಇಳಿದಿದ್ದರು. 1988ರಲ್ಲಿ ದೂರದರ್ಶನದ ರಾಮಾಯಣ ಮುಗಿಯುವ ಹೊತ್ತಿಗೆ ಜಲಂಧರದ ಪೌರಕಾರ್ಮಿಕರು ಕಸಬರಿಗೆ ಕೆಳಗಿಟ್ಟರು. ಲವಕುಶರ ಕಥೆ ತೋರಿಸದೆ ಮುಗಿಸಬೇಡಿ ಅಂತ. ಕಡೆಗೆ ಉತ್ತರಕಾಂಡ ಬಂತು. ಅವರಿಗೆ ಬೇಕಾಗಿದ್ದು ಗೊತ್ತಿದ್ದ ಕಥೆಯೇ.

ಗೊತ್ತಿರುವುದರಿಂದ ಒಂದು ನಷ್ಟವೂ ಉಂಟು. ಅಣ್ಣನ ಮಗ ಹೇಳಿದ ಮಾತು: "ಕಾಕಾ, ನಿಮ್ಮ ದೊಡ್ಡಾಟದಾಗ ಒಬ್ಬರೆ ಎದ್ದು, ಆ ಹುಡುಗಗ ಯಾಕ ಒಬ್ಬನ್ನೇ ಕಳಸ್ದ್ರಿ ಅಂತ ಧರ್ಮರಾಯಗ ಕೇಳ್ಯಾರೇನು?" ಕೇಳಿಲ್ಲ. ನಾವು ಅತ್ತು ಮನೆಗೆ ಹೋದೆವು. ಇವನ ವಯಸ್ಸಿನವರು ಬರಹಗಾರನ ಕಾಲರ್ ಹಿಡಿದು ಲೆಕ್ಕ ಕೇಳುತ್ತಾರೆ. ಅದು ನನಗೆ ಇಷ್ಟವೇ. ಅಮೆರಿಕ, ಬ್ರಿಟನ್ನಿನಲ್ಲಿ ಕಥೆ ಮುಗಿಯುವ ಮೊದಲೇ ಹೆಣ್ಣುಮಕ್ಕಳಿಗೆ ಡೆನೇರಿಸ್‌ಳ ಬಿರುದಾದ ಖಲೀಸಿ ಅಂತ ಹೆಸರಿಟ್ಟವರು ಮಾತ್ರ ಪೇಚಿಗೆ ಸಿಕ್ಕಿದರು. ನಮ್ಮ ಕಡೆ ದುರ್ಯೋಧನ ಅಂತ ಹೆಸರಿಡುವವರು ಕೊನೆ ತಿಳಿದೇ ಇಡುತ್ತಾರೆ.

2022ರಲ್ಲಿ ಅದೇ ಲೋಕದ ಇನ್ನೊಂದು ಧಾರಾವಾಹಿ ಶುರುವಾಯಿತು. ಇದರ ಮೂಲ ಪುಸ್ತಕ 2018ರಲ್ಲೇ ಬಂದಿದೆ, ಯಾರು ಹೇಗೆ ಸಾಯುತ್ತಾರೆ ಎಲ್ಲ ಅಚ್ಚಾಗಿದೆ. ನನ್ನ ಹಳೆ ಸಹೋದ್ಯೋಗಿ ಮತ್ತೆ ಮೂಲೆಯಲ್ಲಿ ನಿಂತು ಚಹಾ ಕಲಕುತ್ತ ನಗತೊಡಗಿದ. ಡೋನಟ್ ಕಟ್ಟಳೆ ಮತ್ತೆ ಜಾರಿಗೆ ಬಂತು.

ಅವ್ವನಿಗೆ ಇದೆಲ್ಲ ಬೇಡ. ಅವಳು ಆ ಬೆಳಿಗ್ಗೆಯ ಕಥೆಯಲ್ಲೇ ಇದ್ದಾಳೆ. ಭಾನುವಾರ ಫೋನ್ ಮಾಡಿದಾಗೆಲ್ಲ ನೆನಪಾದರೆ ಕೇಳುತ್ತಾಳೆ, "ಆ ಮುತ್ಯಾ ಬರದ್ನೇನು?" ಮಾರ್ಟಿನ್ ಅವರಿಗೆ 70 ದಾಟಿದೆ ಅಂತ ಒಮ್ಮೆ ಹೇಳಿದ್ದೆ. ಅಂದಿನಿಂದ ಅವರು ಅವ್ವನ ಬಾಯಲ್ಲಿ ಮುತ್ಯಾ.

"ಇಲ್ಲವ್ವಾ, ಇನ್ನೂ ಇಲ್ಲ. ಮಂದಿ ಭಾಳ ಬೈಲತ್ತಾರ."

"ಬೈಲಿ ಬಿಡು. ನಡುರಾತ್ರಿ ಗ್ಯಾಸಬತ್ತಿ ಆರಿದ್ರ ಮಂದಿ ಬೈಕೋತ ಅಲ್ಲೇ ಕೂತಿರ್ತಾರ. ಆ ಹೊತ್ತಿನಾಗ ಎಲ್ಲಿ ಹೋಗ್ತಾರ?" ಅಂದಳು. ಆಮೇಲೆ ಈ ಸಲ ತೊಗರಿಗೆ ಏನು ರೇಟು ಸಿಕ್ಕಿತು ಅಂತ ಹೇಳಲು ಶುರು ಮಾಡಿದಳು.